ಎರಡನೇ ನಿರ್ದೇಶಕಿ

ಮಂಗಳವಾರ, ಹನ್ನೆರಡನೇ ತಾರೀಖು. ಬೆಳಿಗ್ಗೆ ಹತ್ತಕ್ಕೆ ಹತ್ತು ನಿಮಿಷ ಇತ್ತು. ಠಾಣೆಯ ಮೆಟ್ಟಿಲು ಹತ್ತಿ ಬಂದ ಮುದುಕಿ ಪಹರೆಯವನನ್ನು ದಾಟಿ, ಬೆಂಚಿನ ಮೇಲೆ ಕಾದು ಕೂತಿದ್ದವರನ್ನೂ ದಾಟಿ, ಸೀದಾ ಇನ್ಸ್‌ಪೆಕ್ಟರ್ ಮೇಜಿನ ಮುಂದೆ ನಿಂತಳು. ನಾಲ್ಕಾಗಿ ಮಡಚಿದ್ದ ಒಂದು ಕಾಗದವನ್ನು ಬಿಡಿಸಿ ಇಟ್ಟಳು.

“ಇದನ್ನ ಬರೆದೋರು ಯಾರು? ಅವರ ಮೇಲೆ ದೂರು ಕೊಡ್ಬೇಕು.”

ಇನ್ಸ್‌ಪೆಕ್ಟರ್ ಕಾಗದ ನೋಡಿದಳು. ಕೆಳಗೆ ಇದ್ದದ್ದು ಅವಳದೇ ಸಹಿ, ಅವಳದೇ ಮೊಹರು.

“ಬರೆದೋಳು ನಾನೇ ಅಜ್ಜಿ.”

“ಹಾಗಿದ್ರೆ ನಿಮ್ಮ ಮೇಲೇ ಬರ್ಕೊಳ್ಳಿ.”

ಪಕ್ಕದ ಮೇಜಿನಲ್ಲಿದ್ದ ಹೆಡ್ ಕಾನ್ಸ್‌ಟೇಬಲ್ ನಗು ತಡೆಯಲಾಗದೆ ಕೆಮ್ಮಿದ. ಇನ್ಸ್‌ಪೆಕ್ಟರ್ ಒಮ್ಮೆ ತಿರುಗಿ ನೋಡಿದ್ದೇ ತಡ, ಕೆಮ್ಮು ನಿಂತಿತು. ಮೂಗಿನ ತುದಿಯಲ್ಲೇ ಸಿಟ್ಟು ಇಟ್ಟುಕೊಂಡು ಡ್ಯೂಟಿಗೆ ಬರುವವಳು ಎಂದು ಠಾಣೆಯಲ್ಲಿ ಅವಳ ಬಗ್ಗೆ ಮಾತಿತ್ತು. ಆ ಮಾತು ಅವಳ ಕಿವಿಗೂ ಬಿದ್ದಿತ್ತು, ಅವಳೇನೂ ಬೇಜಾರು ಮಾಡಿಕೊಂಡಿರಲಿಲ್ಲ.

ಅದು ಅಪರಾಧ ಸಂಖ್ಯೆ 88ರ ನೋಟಿಸು. ಎಂಟು ದಿನದ ಹಿಂದೆ, ಸೋಮವಾರ ಮಧ್ಯಾಹ್ನ, ಆರು ಮಹಡಿಯ ಕಟ್ಟಡವೊಂದರಲ್ಲಿ ಲಿಫ್ಟು ನಾಲ್ಕನೇ ಮಹಡಿಯಿಂದ ಜಾರಿ ಸೀದಾ ತಳಕ್ಕೆ ಹೋಗಿ ಕುಕ್ಕರಿಸಿತ್ತು. ಒಳಗಿದ್ದವಳು ಕಾಗದ ಹಂಚುವ ಅಂಚೆಯ ಹೆಂಗಸು. ಎರಡೂ ಕಾಲು ಮುರಿದಿದ್ದವು, ಸೊಂಟದ ಮೂಳೆ ಒಡೆದಿತ್ತು. ಹತ್ತೊಂಬತ್ತು ವರ್ಷ ನಡೆದೇ ಹೊಟ್ಟೆ ಹೊರೆದವಳು. ಹೇಳಿಕೆ ತೆಗೆದುಕೊಳ್ಳಲು ಆಸ್ಪತ್ರೆಗೆ ಹೋದಾಗ ಅವಳು ಕೇಳಿದ್ದು ಒಂದೇ ಮಾತು: “ಮೇಡಂ, ನಾನು ಇನ್ನು ನಡೀತೀನಾ?” ಆ ಪ್ರಶ್ನೆಗೆ ಎಫ್‌ಐಆರ್‌ನಲ್ಲಿ ಜಾಗ ಇರಲಿಲ್ಲ. 

ಲಿಫ್ಟಿನ ಉಸ್ತುವಾರಿ ಒಂದು ಪ್ರೈವೇಟ್ ಲಿಮಿಟೆಡ್ ಕಂಪನಿಯದು. ಅದಕ್ಕೆ ಇಬ್ಬರು ನಿರ್ದೇಶಕರು. ಒಬ್ಬ ಪರದೆ ಅಂಗಡಿಯವನು, ಆರೋಪಿ ನಂಬರ್ ಒಂದು. ಅವನನ್ನು ಮೊದಲ ದಿನವೇ ಹಿಡಿದು ಒಳಗೆ ಹಾಕಲಾಗಿತ್ತು. ಆರೋಪಿ ನಂಬರ್ ಎರಡು ಈಗ ಎದುರಿಗೆ ನಿಂತಿದ್ದಳು. ಸೋಮವಾರ, ಹದಿನೆಂಟನೇ ತಾರೀಖು ಇಬ್ಬರನ್ನೂ ಹಾಜರುಪಡಿಸಬೇಕೆಂದು ಕೋರ್ಟಿನ ಆದೇಶ.

“ಏನು ಕೆಲಸ ಮಾಡ್ತೀರಿ ಅಜ್ಜಿ?”

“ಶರ್ಟು ಹೊಲಿಯೋ ಕಡೆ ಕಾಜಾ ಹಾಕ್ತೀನಿ, ಗುಂಡಿ ಹಚ್ತೀನಿ. ನಲವತ್ತು ವರ್ಷ ಆಯ್ತು. ಎಲ್ಲರೂ ಕಾಜಾ ಅಜ್ಜಿ ಅಂತಾರೆ. ನಿರ್ದೇಶಕಿ ಅಂತ ನೀವೇ ಮೊದಲು ಅಂದಿದ್ದು.”

“ಕಂಪನಿ ಕಾಗದಕ್ಕೆ ಸೈನ್ ಹಾಕಿದ್ರಾ?”

“ಯಾವ ಕಾಗದಕ್ಕೂ ಹಾಕಲ್ಲ. ನಮ್ಮ ಯಜಮಾನ್ರು ಯಾರದ್ದೋ ಕಾಗದಕ್ಕೆ ಸೈನ್ ಹಾಕಿ ಇದ್ದೊಂದು ಮನೆ ಕಳ್ಕೊಂಡ್ರು. ಅವತ್ತಿಂದ ನಾನು ಪೆನ್ನು ಮುಟ್ಟೋದು ಸಂಬಳದ ದಿನ ಮಾತ್ರ. ಲಿಫ್ಟ್ ಒಳಗೆ ಹೋಗೋಕೇ ನನಗೆ ಎದೆ ಧಸಕ್ ಅನ್ನುತ್ತೆ ತಾಯಿ, ಅದನ್ನ ಕಟ್ಕೊಂಡು ನಾನೇನು ಮಾಡ್ಲಿ?”

“ಮನೇಲಿ ಯಾರಿದ್ದಾರೆ?”

“ಮಗ, ಸೊಸೆ, ಮೊಮ್ಮಗಳು. ಮಗನಿಗೆ ತೋರಿಸ್ದೆ. ‘ಯಾರೋ ತಪ್ಪಾಗಿ ಕಳಿಸಿದ್ದಾರೆ ಬಿಡಮ್ಮ, ನಾನು ನೋಡ್ಕೋತೀನಿ’ ಅಂದ. ನನಗೆ ಮನಸ್ಸು ತಡೀಲಿಲ್ಲ. ಬಂದೆ.”

“ಮಗ ಏನು ಮಾಡ್ತಾನೆ?” ಕೇಳಿದವನು ಹೆಡ್ ಕಾನ್ಸ್‌ಟೇಬಲ್.

“ಗುಮಾಸ್ತ.”

ಹೆಡ್ ಕಾನ್ಸ್‌ಟೇಬಲ್ ಬರೆದುಕೊಂಡ. ಅವನನ್ನು ಠಾಣೆಯಲ್ಲಿ ಪಂಚನಾಮೆ ಮಾವ ಎನ್ನುತ್ತಿದ್ದರು. ಕಳುವಾದ ಸೈಕಲ್ಲಿನ ಪಂಚನಾಮೆಯಲ್ಲಿ ಪಕ್ಕದ ಗೋಡೆಯ ಬಣ್ಣ, ಅದರ ಮೇಲಿನ ಹಲ್ಲಿ, ಹಲ್ಲಿಗೆ ಬಾಲ ಇಲ್ಲದಿರುವುದು ಎಲ್ಲವೂ ಇರುತ್ತಿದ್ದವು. “ಮಾವ, ನಿಮ್ಮ ಪಂಚನಾಮೆ ಓದೋಷ್ಟರಲ್ಲಿ ಕಳ್ಳನಿಗೆ ಮೊಮ್ಮಕ್ಕಳಾಗಿರ್ತಾರೆ” ಎಂದು ಹುಡುಗರು ಕಾಲೆಳೆಯುತ್ತಿದ್ದರು. ಇನ್ಸ್‌ಪೆಕ್ಟರ್ ಎಷ್ಟೋ ಸಲ ಬೈದಿದ್ದಳು. ಮಾವ ಬೈಸಿಕೊಂಡು ಮತ್ತೆ ಅಷ್ಟೇ ಬರೆಯುತ್ತಿದ್ದ.

ಅಜ್ಜಿಯಿಂದ ಹತ್ತು ಮಾದರಿ ಸಹಿ ತೆಗೆದುಕೊಂಡರು. ಒಂದೊಂದು ಸಹಿಗೂ ಒಂದು ನಿಮಿಷ. ಅವಳು ಅಕ್ಷರ ಬರೆಯುತ್ತಿರಲಿಲ್ಲ, ಹೊಲಿಯುತ್ತಿದ್ದಳು. ಕಂಪನಿ ಕಾಗದದ ಸಹಿಯೋ, ಒಂದೇ ಉಸಿರಿಗೆ ಗೀಚಿದ್ದು. ಖೋಟಾ ಎನ್ನಲು ತಜ್ಞರೇ ಬೇಕಿರಲಿಲ್ಲ.

“ನೀವು ಸುಳ್ಳು ಹೇಳ್ತಿಲ್ಲ ಅಂತ ನನಗೆ ಗೊತ್ತಾಯ್ತು. ಕೋರ್ಟಿಗೆ ಗೊತ್ತಾಗ್ಬೇಕಲ್ಲ. ಹಾಕಿದೋರು ಯಾರು ಅಂತ ಸಿಗ್ಲಿಲ್ಲ ಅಂದ್ರೆ ಸೋಮವಾರ ಕಟಕಟೇಲಿ ನೀವೇ ನಿಲ್ಬೇಕಾಗುತ್ತೆ.”

“ಸಿಗ್ತಾನೆ ಬಿಡಿ. ಸಿಕ್ಕಿದ ಮೇಲೆ ನನಗೊಂದು ಸಲ ತೋರ್ಸಿ,” ಎಂದು ಅಜ್ಜಿ ಎದ್ದಳು. “ಕೇಳ್ಬೇಕು ಅವನನ್ನ, ಮುದುಕಿ ಹೆಸರೇ ಬೇಕಿತ್ತಾ ಅಂತ.”

ಅದೇ ದಿನ 12.40ಕ್ಕೆ ಜೈಲಿನಲ್ಲಿ ಪರದೆ ಅಂಗಡಿಯವನ ವಿಚಾರಣೆ ನಡೆಯಿತು.

“ಲಿಫ್ಟ್ ಕೆಲಸ ಎಲ್ಲಿ ಕಲಿತೆ?”

“ಕಲಿತಿಲ್ಲ ಮೇಡಂ.”

“ಕಲೀದೆ ಹೇಗೆ ಒಪ್ಪಿಕೊಂಡೆ?”

“ಪರದೆ ಹಗ್ಗ ಎಳೆದ್ರೆ ಮೇಲೆ ಹೋಗುತ್ತೆ, ಬಿಟ್ರೆ ಕೆಳಗೆ ಬರುತ್ತೆ. ಇದೂ ಹಾಗೇ ಅಂದ್ಕೊಂಡೆ.”

ಇನ್ಸ್‌ಪೆಕ್ಟರ್ ಎರಡೂ ಕೈಯನ್ನು ಮೇಜಿನ ಕೆಳಗೆ ಇಟ್ಟುಕೊಂಡಳು. ಮೇಲಿದ್ದರೆ ಏನಾದರೂ ಆದೀತೆಂಬ ಭಯ ಅವಳಿಗೇ ಇತ್ತು.

“ಎಂಟು ತಿಂಗಳು ಸರ್ವಿಸ್ ಅಂತ ಹೋಗಿ ಏನು ಮಾಡ್ತಿದ್ದೆ?”

“ಕನ್ನಡಿ ಒರೆಸ್ತಿದ್ದೆ. ಬಾಗಿಲಿಗೆ ಎಣ್ಣೆ ಬಿಡ್ತಿದ್ದೆ. ಕಾರ್ಡಿನಲ್ಲಿ ‘ಸರಿ ಇದೆ’ ಅಂತ ಟಿಕ್ ಹಾಕ್ತಿದ್ದೆ.”

“ಮೇಲಿನ ಮೆಷಿನ್ ರೂಮು?”

“ಅದರ ಕೀ ನಾನು ಈಸ್ಕೊಂಡೇ ಇಲ್ಲ.”

ಆ ಮೆಷಿನ್ ರೂಮಿನ ಪಂಚನಾಮೆ ಕಡತದಲ್ಲಿತ್ತು. ಬ್ರೇಕಿನ ಪಟ್ಟಿ ಸವೆದು ಸವೆದು ಕಬ್ಬಿಣಕ್ಕೆ ಕಬ್ಬಿಣ ಉಜ್ಜುತ್ತಿತ್ತು. ಕೋಣೆಯ ಧೂಳಿನ ಮೇಲೆ ಎಂಟು ತಿಂಗಳಲ್ಲಿ ಒಂದು ಹೆಜ್ಜೆಯೂ ಬಿದ್ದಿರಲಿಲ್ಲ ಎಂದು ಮಾವ ಬರೆದಿದ್ದ.

“ಎರಡನೇ ನಿರ್ದೇಶಕಿ ಯಾರು?”

“ದೇವರಾಣೆ ಗೊತ್ತಿಲ್ಲ. ನಾನು ಲಿಫ್ಟ್‌ನವರ ಸಂಘಕ್ಕೆ ಅರ್ಜಿ ಹಾಕಿದ್ದೆ. ಸಂಘದ ಸರ್ಟಿಫಿಕೇಟ್ ಇಲ್ದಿದ್ರೆ ಯಾವ ಕಟ್ಟಡದೋರೂ ಒಳಗೆ ಬಿಡಲ್ಲ. ‘ಒಬ್ಬರೇ ಮಾಲೀಕರಿದ್ರೆ ಆಗಲ್ಲ, ಕಂಪನಿ ಆಗಿರ್ಬೇಕು, ಇಬ್ಬರು ನಿರ್ದೇಶಕರು ಬೇಕು’ ಅಂತ ಅರ್ಜಿ ವಾಪಸ್ ಬಂತು. ಹದಿನೈದು ದಿನಕ್ಕೆ ಅಂಚೇಲಿ ಒಂದು ಕಟ್ಟು ಬಂತು. ಕಂಪನಿ ಕಾಗದ ಪೂರ್ತಿ ತುಂಬಿತ್ತು, ಆ ಅಜ್ಜಿ ಸೈನೂ ಇತ್ತು, ಫೋಟೋನೂ ಇತ್ತು. ನನ್ನದೊಂದು ಸೈನ್ ಬಾಕಿ.”

“ಯಾರು ಕಳಿಸಿದ್ರು ಅಂತ ಕೇಳ್ಲಿಲ್ವಾ?”

“ಬಾಗಿಲಿಗೆ ಬಂದ ಭಾಗ್ಯ ಮೇಡಂ. ಯಾರು ಕೇಳ್ತಾರೆ?”

ವಾಪಸ್ ಹೋದ ಅರ್ಜಿಯ ವಿಷಯ ಗೊತ್ತಿರುವುದು ವಾಪಸ್ ಮಾಡಿದವರಿಗೆ. ಬುಧವಾರ ಬೆಳಿಗ್ಗೆ 11.00ಕ್ಕೆ ಇನ್ಸ್‌ಪೆಕ್ಟರ್ ಮತ್ತು ಮಾವ ಸಂಘದ ಕಚೇರಿಗೆ ಹೋದರು. ಕಚೇರಿ ಮೂರನೇ ಮಹಡಿಯಲ್ಲಿತ್ತು. ಲಿಫ್ಟಿನ ಬಾಗಿಲಿಗೆ ‘ಕೆಟ್ಟಿದೆ’ ಎಂಬ ಬೋರ್ಡು ನೇತಾಡುತ್ತಿತ್ತು. ಮಾವ ಏದುಸಿರು ಬಿಡುತ್ತಾ ಅದನ್ನೂ ಬರೆದುಕೊಂಡ.

ಅಧ್ಯಕ್ಷ ನಿಯಮಾವಳಿಯ ಪುಸ್ತಕವನ್ನು ಎರಡೂ ಕೈಯಲ್ಲಿ ಹಿಡಿದು ಮುಂದಿಟ್ಟ. ಕೂದಲು ನೀಟಾಗಿ ಬಾಚಿದ್ದ, ಉಗುರಿನಡಿ ಒಂದು ಚುಕ್ಕೆ ಕೊಳೆಯೂ ಇರಲಿಲ್ಲ.

“ನಮ್ಮ ಕಡೆಯಿಂದ ಎಲ್ಲ ಕ್ರಮಬದ್ಧವಾಗೇ ಆಗಿದೆ. ಒಬ್ಬರೇ ಮಾಲೀಕರ ಅಂಗಡಿಗೆ ಸದಸ್ಯತ್ವ ಇಲ್ಲ. ಪಾಲುದಾರಿಕೆಗೂ ಇಲ್ಲ. ನೋಂದಾಯಿತ ಕಂಪನಿ ಆಗಿರ್ಬೇಕು. ಬೀದಿಗೊಬ್ಬ ಸ್ಪ್ಯಾನರ್ ಹಿಡ್ಕೊಂಡು ಬಂದ್ರೆ ಸಂಘದ ಮರ್ಯಾದೆ ಏನಾಗ್ಬೇಕು?”

“ಅರ್ಜಿ ಫಾರ್ಮ್ ಕೊಡಿ.”

ಫಾರ್ಮಿನಲ್ಲಿ ಹತ್ತೊಂಬತ್ತು ಕಾಲಂ. ಕಂಪನಿಯ ಸ್ವರೂಪ, ನೋಂದಣಿ ಸಂಖ್ಯೆ, ನಿರ್ದೇಶಕರ ಹೆಸರು, ಭಾವಚಿತ್ರ, ಲೆಟರ್‌ಹೆಡ್ಡಿನ ಮಾದರಿ, ಮೊಹರಿನ ಮಾದರಿ. ಇನ್ಸ್‌ಪೆಕ್ಟರ್ ಎರಡು ಸಲ ಓದಿದಳು.

“ಇದರಲ್ಲಿ ಲಿಫ್ಟ್ ರಿಪೇರಿ ಬರುತ್ತಾ ಅಂತ ಕೇಳೋ ಕಾಲಂ ಯಾವುದು?”

ಅಧ್ಯಕ್ಷ ಫಾರ್ಮು ಇಸಿದುಕೊಂಡು ಕನ್ನಡಕ ಏರಿಸಿದ. ಮೇಲಿಂದ ಕೆಳಗೆ ನೋಡಿದ. ತಿರುಗಿಸಿ ಹಿಂಬದಿಯನ್ನೂ ನೋಡಿದ.

“ಕಂಪನಿ ಅಂದ ಮೇಲೆ ಬಂದೇ ಬರುತ್ತಲ್ಲ ಮೇಡಂ.”

ಅವಳ ಪಿತ್ತ ನೆತ್ತಿಗೇರಿತು. “ಮೊಹರು ದುಂಡಗಿದೆಯೋ ಚೌಕಾಗಿದೆಯೋ ಅಂತ ಕೇಳಿದ್ದೀರಿ! ಬ್ರೇಕು ಎಲ್ಲಿರುತ್ತೆ ಅಂತ ಗೊತ್ತಾ ಅಂತ ಒಂದು ಮಾತು ಕೇಳೋಕೆ ನಿಮ್ಮ ಗಂಟು ಏನು ಹೋಗ್ತಿತ್ತು? ಆ ಹೆಂಗಸಿನ ಸೊಂಟ ಒಡೆದಿದೆ ಕಣ್ರೀ! ನಿಮ್ಮ ಸರ್ಟಿಫಿಕೇಟಿಗೆ ಕಟ್ಟು ಹಾಕಿಸಿ ಅದನ್ನ ಗೋಡೆಗೆ ನೇತುಹಾಕಿದ್ರಲ್ಲ ಆ ಕಟ್ಟಡದಲ್ಲಿ, ಅದರ ಕೆಳಗೇ ಬಿದ್ದಿದ್ಲು ಅವಳು.”

“ದನಿ ಏರಿಸ್ಬೇಡಿ. ಪರಿಶೀಲಿಸೋದು ಕಾಗದ ಮಾತ್ರ. ಅದು ನಿಯಮ.”

“ಕಳೆದ ಎರಡು ವರ್ಷದ ಎಲ್ಲ ಹೊಸ ಸದಸ್ಯರ ಫೈಲೂ ಬೇಕು. ಈಗಲೇ.”

ಅಧ್ಯಕ್ಷ ಗಂಟೆ ಒತ್ತಿದ. ಗುಮಾಸ್ತ ಬಂದು ಎರಡು ಸಲ ಓಡಾಡಿ ಫೈಲುಗಳನ್ನು ಮೇಜಿನ ಮೇಲೆ ಜೋಡಿಸಿದ. ಇನ್ಸ್‌ಪೆಕ್ಟರ್ ಅವನತ್ತ ನೋಡಲೂ ಇಲ್ಲ. ಅವಳ ಕಣ್ಣು ಅಧ್ಯಕ್ಷನ ಮುಖವನ್ನೇ ಸುಡುತ್ತಿತ್ತು. ಮಾವ ಒಂದು ಮೂಲೆಯಲ್ಲಿ ಕೂತು ಜಪ್ತಿ ಪಂಚನಾಮೆ ಬರೆದ. ಫೈಲು ತಂದುಕೊಟ್ಟವನ ಹೆಸರು ವಿಳಾಸ ಬರೆಸಿಕೊಂಡು ಸಹಿ ಹಾಕಿಸಿಕೊಂಡ. 1.25ಕ್ಕೆ ಕೆಲಸ ಮುಗಿಯಿತು.

ಠಾಣೆಗೆ ಬಂದು ಫೈಲು ಬಿಚ್ಚಿದರೆ ಹದಿನೇಳರಲ್ಲಿ ಎರಡನೇ ನಿರ್ದೇಶಕಿ ಅದೇ ಅಜ್ಜಿ! ಹದಿನೇಳು ಕಂಪನಿ, ಹದಿನೇಳು ಸಹಿ, ಹದಿನೇಳು ಸಲ ಅದೇ ಒಂದು ಫೋಟೋ. ಪರದೆ ಅಂಗಡಿಯವನದು ಹನ್ನೊಂದನೆಯದು. ಇನ್ಸ್‌ಪೆಕ್ಟರ್ ಭೂತಗನ್ನಡಿ ಹಿಡಿದಳು. ಫೋಟೋ ಸ್ಟುಡಿಯೋದಲ್ಲಿ ತೆಗೆದದ್ದಲ್ಲ, ಯಾವುದೋ ಮನೆಮಂದಿಯ ಫೋಟೋದಿಂದ ಕತ್ತರಿಸಿದ್ದು. ಅಜ್ಜಿಯ ಎಡಭುಜದ ಮೇಲೆ ಪಕ್ಕದಲ್ಲಿದ್ದವನ ಕೈ ಉಳಿದುಬಿಟ್ಟಿತ್ತು. ಬಲಗೈ, ನಾಲ್ಕು ಬೆರಳು. ತೋರುಬೆರಳು ಮಾತ್ರ ಮೇಲಿನ ಗೆಣ್ಣಿಗೇ ಮುಗಿದಿತ್ತು.

ಗುರುವಾರ, ಹದಿನಾಲ್ಕನೇ ತಾರೀಖು, ಬೆಳಿಗ್ಗೆ 10.15ಕ್ಕೆ ಅಜ್ಜಿಯನ್ನು ಕರೆಸಿ ಫೋಟೋ ಕೈಗೆ ಕೊಟ್ಟಳು.

“ಇದು ನೀವೇ ತಾನೇ?”

“ನಾನೇ.”

“ಈ ಕೈ ಯಾರದು?”

ಅಜ್ಜಿ ಫೋಟೋವನ್ನು ಕಿಟಕಿಯ ಬೆಳಕಿಗೆ ಹಿಡಿದಳು. ಬಂದಾಗಿನಿಂದ ಸೆರಗಿನ ಅಂಚನ್ನು ತಿರುವುತ್ತಲೇ ಇದ್ದ ಎಡಗೈ ನಿಂತುಹೋಯಿತು. ಆಮೇಲೆ ಫೋಟೋವನ್ನು ಬೋರಲಾಗಿ ಮೇಜಿನ ಮೇಲೆ ಇಟ್ಟಳು.

“ಗೊತ್ತಿಲ್ಲ.”

“ಅಜ್ಜಿ.”

“ಗೊತ್ತಿಲ್ಲ ಅಂದೆನಲ್ಲ ತಾಯಿ. ಆ ಸೈನು... ನಾನೇ ಹಾಕಿದ್ದು ಅಂತ ಬರ್ಕೊಳ್ಳಿ. ನನಗೆ ಮರೆತುಹೋಗಿತ್ತು.”

“ಹದಿನೇಳು ಸಲ ಹಾಕಿ ಹದಿನೇಳು ಸಲಾನೂ ಮರೆತ್ರಾ?” ಇನ್ಸ್‌ಪೆಕ್ಟರ್ ದನಿ ಠಾಣೆಯ ಹಿಂದಿನ ಕೋಣೆಗೂ ಕೇಳಿಸಿತು. “ಮೊನ್ನೆ ನನ್ನ ಮೇಲೇ ದೂರು ಕೊಡೋಕೆ ಬಂದಿದ್ರಿ! ಸೋಮವಾರ ಜೈಲಿಗೆ ಹೋಗ್ತೀರಿ, ಗೊತ್ತಾ?”

“ಹೋಗ್ತೀನಿ. ಅರವತ್ತೆಂಟು ಆಯ್ತು ನನಗೆ. ಅಲ್ಲೂ ಗುಂಡಿ ಹಚ್ಚೋ ಕೆಲಸ ಇರುತ್ತೆ.”

ಆಗ ಮಾವ ತನ್ನ ಮೇಜಿನಿಂದ ಎದ್ದು, ನಿನ್ನೆಯ ಜಪ್ತಿ ಪಂಚನಾಮೆಯ ಮೂರನೇ ಹಾಳೆ ತಂದು ಅವಳ ಮುಂದಿಟ್ಟ. ಬೆರಳಿಟ್ಟು ಒಂದು ಸಾಲು ತೋರಿಸಿದ. ಗಟ್ಟಿಯಾಗಿ ಓದಲಿಲ್ಲ.

‘ಫೈಲುಗಳನ್ನು ಹಾಜರುಪಡಿಸಿದವರು ಸಂಘದ ಗುಮಾಸ್ತರು. ವಯಸ್ಸು ಸುಮಾರು ನಲವತ್ತು. ಎಣ್ಣೆಗೆಂಪು ಬಣ್ಣ. ತಿಳಿನೀಲಿ ಅಂಗಿ, ಎಲ್ಲ ಗುಂಡಿಗಳೂ ಕೈಯಿಂದ ಹಚ್ಚಿದ್ದು. ಬಲಗೈ ತೋರುಬೆರಳಿಗೆ ತುದಿ ಇಲ್ಲ.’

ವಿಳಾಸ ಅಜ್ಜಿಯ ವಿಳಾಸವೇ. ನಿನ್ನೆ ಎರಡು ಸಲ ಮೊಣಕೈ ದೂರದಲ್ಲಿ ಓಡಾಡಿದ ಕೈ ಅದು. ಮಾವನಿಗೆ ಕಂಡಿದೆ, ತನಗೆ ಕಂಡಿಲ್ಲ! ಮಗ ಯಾವ ಕಚೇರಿಯ ಗುಮಾಸ್ತ ಎಂದು ಮೊದಲ ದಿನವೇ ಕೇಳಬಹುದಿತ್ತು, ಅದನ್ನೂ ಕೇಳಿಲ್ಲ. ಇನ್ಸ್‌ಪೆಕ್ಟರಿಗೆ ತನ್ನ ಮೇಲೆಯೇ ಮೈ ಉರಿಯಿತು.

“ಇನ್ನು ಮೇಲೆ ನಿಮ್ಮ ಪಂಚನಾಮೆ ಬಗ್ಗೆ ಯಾರಾದ್ರೂ ನಕ್ರೆ ನನಗೆ ಹೇಳಿ,” ಎಂದಳು ಮಾವನಿಗೆ.

“ಅವರು ನಕ್ಕಿದ್ದಕ್ಕಿಂತ ನೀವು ಬೈದಿದ್ದೇ ಜಾಸ್ತಿ ಮೇಡಂ,” ಅಂದ ಮಾವ.

12.10ಕ್ಕೆ ಸಂಘದ ಕಚೇರಿ. ಗುಮಾಸ್ತ ದಾಖಲೆ ಕೋಣೆಯಲ್ಲಿ ಏಣಿಯ ಮೇಲಿದ್ದ. ಜೀಪಿನ ಸದ್ದು ಕೇಳಿಸಿರಬೇಕು, ಕೇಳಿಸಿಯೂ ಓಡಿರಲಿಲ್ಲ. ಇಳಿದು ಬಂದು ಕೈಯ ಧೂಳು ಒರೆಸಿಕೊಂಡ.

“ಅಮ್ಮ ಹೇಳಿದ್ಲಾ?”

“ಹೇಳ್ಲಿಲ್ಲ. ನಾನೇ ಹಾಕಿದ್ದು ಅಂದ್ರು. ಜೈಲಿಗೆ ಹೋಗ್ತೀನಿ ಅಂದ್ರು.”

ಅವನು ಏಣಿಯ ಕೆಳಮೆಟ್ಟಿಲ ಮೇಲೆ ಕೂತುಬಿಟ್ಟ.

“ಎಷ್ಟು ತಗೊಂಡೆ ಒಬ್ಬೊಬ್ಬರ ಹತ್ರ?”

“ಒಂದು ಲೋಟ ಟೀ ಕೂಡ ಕುಡಿದಿಲ್ಲ. ಕಳಿಸಿದ್ದು ನಾನು ಅಂತಾನೇ ಅವರಿಗೆ ಗೊತ್ತಿಲ್ಲ.”

“ಮತ್ಯಾಕೆ ಮಾಡಿದೆ?”

ಅವನು ತುದಿಯಿಲ್ಲದ ಬೆರಳನ್ನು ಇನ್ನೊಂದು ಕೈಯಲ್ಲಿ ಮುಚ್ಚಿಕೊಂಡ. “ನಾನೂ ಲಿಫ್ಟ್ ಮೆಕ್ಯಾನಿಕ್ಕೇ ಮೇಡಂ. ಇಪ್ಪತ್ತನೇ ವಯಸ್ಸಲ್ಲಿ ರಾಟೆಗೆ ಬೆರಳು ಕೊಟ್ಟು ಕಲಿತೆ. ಮೋಟರಿಗೆ ಕಿವಿ ಇಟ್ರೆ ಏನು ಕಾಯಿಲೆ ಅಂತ ಹೇಳ್ತಿದ್ದೆ. ಹನ್ನೆರಡು ವರ್ಷದ ಹಿಂದೆ ಈ ನಿಯಮ ತಂದ್ರು. ನನ್ನ ಅರ್ಜಿ ವಾಪಸ್ ಬಂತು, ಎರಡನೇ ನಿರ್ದೇಶಕ ಬೇಕು ಅಂತ. ಆಗ ಮದುವೆ ಆಗಿರ್ಲಿಲ್ಲ. ಇದ್ದಿದ್ದು ಅಮ್ಮ ಒಬ್ಳೇ. ಕಾಲು ಹಿಡ್ಕೊಂಡೆ. ‘ನಿಮ್ಮಪ್ಪ ಸೈನ್ ಹಾಕೇ ಬೀದಿಗೆ ಬಂದ್ರು, ನಾನು ಸತ್ರೂ ಹಾಕಲ್ಲ’ ಅಂದ್ಲು. ಮೂರು ತಿಂಗಳಲ್ಲಿ ನನ್ನ ಎಲ್ಲ ಕಟ್ಟಡಾನೂ ಕೈಬಿಟ್ಟು ಹೋದ್ವು. ಕೊನೆಗೆ ಇಲ್ಲೇ ಗುಮಾಸ್ತ ಆದೆ. ಏನು ಕೆಲಸ ಗೊತ್ತಾ? ನನ್ನಂಥೋರ ಅರ್ಜಿ ವಾಪಸ್ ಕಳಿಸೋದು. ‘ವಿಷಾದಿಸುತ್ತೇವೆ’ ಅಂತ ಬರೆಯೋದು. ಹತ್ತು ವರ್ಷ ಬರೆದೆ. ಆಮೇಲೆ ಒಂದಿನ ನನಗೇ ಕಲಿಸಿದ ಮೇಸ್ತ್ರಿಯ ಅರ್ಜಿ ಬಂತು. ಅದನ್ನ ವಾಪಸ್ ಮಾಡೋಕೆ ನನ್ನ ಕೈಲಿ ಆಗ್ಲಿಲ್ಲ. ಅಲ್ಲಿಂದ ಶುರು.”

ಇನ್ಸ್‌ಪೆಕ್ಟರ್ ಸಿಟ್ಟು ಒಂದು ಕ್ಷಣ ಯಾವ ಕಡೆ ತಿರುಗಬೇಕೆಂದು ಗೊತ್ತಾಗದೆ ನಿಂತಿತು. ಆಮೇಲೆ ಅವಳಿಗೆ ಆಸ್ಪತ್ರೆಯ ಮಂಚ ನೆನಪಾಯಿತು.

“ಮಿಕ್ಕ ಹದಿನಾರು ಜನ ಕೆಲಸ ಬಲ್ಲೋರಾ?”

“ಎಲ್ಲರ ಕೈಗೂ ಗ್ರೀಸ್ ಹತ್ತಿದೆ ಮೇಡಂ. ಬೇಕಾದ್ರೆ ಹೋಗಿ ನೋಡಿ.”

“ಹನ್ನೊಂದನೆಯವನು?”

ಅವನು ಕೂತಲ್ಲಿಂದ ಎದ್ದು ನಿಂತ.

“ಆ ಪರದೆ ಅಂಗಡಿಯವನಿಗೆ ಕೆಲಸ ಬರುತ್ತಾ ಅಂತ ನೀನು ವಿಚಾರಿಸಿದ್ಯಾ?”

“ಅರ್ಜಿ ವಾಪಸ್ ಹೋಗಿತ್ತು. ನಮ್ಮೋನೇ ಇರ್ಬೇಕು ಅಂದ್ಕೊಂಡೆ.”

“ಕೇಳಿದ್ಯಾ ಇಲ್ವಾ?”

“ಇಲ್ಲ.”

“ಒಳಗೆ ಕೂತಿದ್ದಾನಲ್ಲ ನಿಮ್ಮ ಅಧ್ಯಕ್ಷ, ಅವನೂ ಕೇಳ್ಲಿಲ್ಲ. ಅವನಿಗೆ ಕೆಲಸ ಗೊತ್ತಿಲ್ಲ, ಬಿಡು. ಮೋಟರಿಗೆ ಕಿವಿ ಇಡ್ತಿದ್ದೋನು ನೀನು! ನೀನು ಕೇಳ್ಬೇಕಿತ್ತು!”

ಅವನು ಮುಖ ಮುಚ್ಚಿಕೊಂಡು ಅತ್ತ. ಅವಳು ಅಳಲು ಬಿಟ್ಟಳು. 12.35ಕ್ಕೆ ಬಂಧನ ಎಂದು ಮಾವ ಗುರುತು ಹಾಕಿಕೊಂಡ.

ಹೊರಗೆ ಅಧ್ಯಕ್ಷ ಕಾದಿದ್ದ. “ಸಂಘಕ್ಕೆ ಎಂಥ ಮೋಸ ಮೇಡಂ! ನಮ್ಮದೂ ಒಂದು ದೂರು ತಗೊಳ್ಳಿ.”

“ಬರೆದುಕೊಡಿ, ತಗೋತೀನಿ. ಜೊತೆಗೆ ನಿಮ್ಮ ಖಾಲಿ ಫಾರ್ಮೂ ಒಂದು ಕೊಡಿ. ಹತ್ತೊಂಬತ್ತೂ ಕಾಲಂ ನ್ಯಾಯಾಧೀಶರು ಓದ್ಲಿ.”

ಅವನನ್ನು ಹಿಡಿಯಲು ಅವಳ ಬಳಿ ಕಾನೂನಿನ ಕಲಂ ಯಾವುದೂ ಇರಲಿಲ್ಲ. ಮೂರು ಮಹಡಿ ಇಳಿಯುವವರೆಗೂ ಹಲ್ಲು ಕಡಿಯುತ್ತಲೇ ಇದ್ದಳು.

ಮಧ್ಯಾಹ್ನ 3.50. ಠಾಣೆ. ಬಂಧನದ ಮೆಮೊ ಬರೆದಾಗಿತ್ತು. ಕೊನೆಯ ಸಾಲು, ‘ಬಂಧಿತನ ಸಂಬಂಧಿಕರ ಸಹಿ’. ಸೊಸೆ ಮಗುವನ್ನು ಕರೆದುಕೊಂಡು ತವರಿಗೆ ಹೋಗಿದ್ದಳು. ಬಂದವಳು ಅಜ್ಜಿ ಒಬ್ಬಳೇ. ಬಂದು ಮಗನ ಪಕ್ಕದ ಕುರ್ಚಿಯಲ್ಲಿ ಕೂತಳು. ಮೊದಲ ದಿನ ಕೇಳುತ್ತೇನೆ ಅಂದಿದ್ದನ್ನು ಕೇಳಲಿಲ್ಲ.

“ನೀವೇ ಹಾಕ್ಬೇಕು ಅಂತೇನಿಲ್ಲ ಅಜ್ಜಿ. ಪಕ್ಕದ ಮನೆಯವರನ್ನ ಕರೆಸ್ತೀನಿ,” ಎಂದಳು ಇನ್ಸ್‌ಪೆಕ್ಟರ್. ಅವಳ ದನಿ ಅಷ್ಟು ಕೆಳಗಿಳಿದದ್ದನ್ನು ಮಾವ ಯಾವತ್ತೂ ಕೇಳಿರಲಿಲ್ಲ.

“ಏನು ಬರೆದಿದೆ ಓದಿ.”

ಮಾವ ಓದಿದ. ಹೆಸರು, ತಂದೆಯ ಹೆಸರು, ತಾರೀಖು, ಸಮಯ, ಅಪರಾಧ, ಬೆರಳು, ಒಂದನ್ನೂ ಬಿಡದೆ ಓದಿದ. ಅಜ್ಜಿ ಪೆನ್ನಿಗೆ ಕೈ ಚಾಚಿದಳು.

“ಅಮ್ಮಾ, ನೀನು ಹಾಕ್ಬೇಡ,” ಅಂದ ಮಗ.

“ಅವತ್ತು ಹಾಕ್ಲಿಲ್ಲ ಅಂತ ತಾನೇ ಇಷ್ಟೆಲ್ಲ ಆಗಿದ್ದು. ಸುಮ್ನಿರು.”

ಅವಳು ಕಾಗದವನ್ನು ಹತ್ತಿರ ಎಳೆದುಕೊಂಡು ಬಗ್ಗಿದಳು. ಒಂದು ಅಕ್ಷರ ಮುಗಿಸಿ, ಉಸಿರು ಬಿಟ್ಟು, ಇನ್ನೊಂದನ್ನು ಹಿಡಿದಳು. ಇನ್ಸ್‌ಪೆಕ್ಟರ್ ಆ ಒಂದು ನಿಮಿಷ ಪೂರ್ತಿ ಕಾದಳು, ಆಮೇಲೆ ಸಹಿಯ ಪಕ್ಕದಲ್ಲಿ ಸಮಯ 4.05 ಎಂದು ಬರೆದಳು.